ಕುಂದಗೋಳದಿಂದ ಸಂಶಿಗೆ, ಎಳ್ಳ ಅಮಾವಾಸ್ಯೆಯ ದಿನ

ಈಗಲೂ ಯಾರಾದರೂ ದೂರದಿಂದ ಕೈ ಬೀಸಿ ಕರೆದರೆ ನಾನು ಮೊದಲು ಹಿಂದೆ ತಿರುಗಿ ನೋಡುತ್ತೇನೆ. ಕಾಲೇಜಿನ ಅಂಗಳದಲ್ಲಿ, ಕಾಯಿಪಲ್ಯೆ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಎಲ್ಲಿಯೇ ಆಗಲಿ. ಹಿಂದೆ ಏನೂ ಇರುವುದಿಲ್ಲ. ಕರೆದವರು ನಗುತ್ತಾರೆ. ಒಂದು ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆಯಿಂದ ಅಂಟಿಕೊಂಡ ಅಭ್ಯಾಸ ಇದು. ಬಿಡಿಸಿಕೊಳ್ಳಬೇಕೆಂದು ನನಗೆ ಅನಿಸಿಯೂ ಇಲ್ಲ.

ಆ ದಿನದ ಕಥೆ ಹೇಳಬೇಕಾದರೆ ನಮ್ಮ ನಡಿಗೆಯ ಕಥೆ ಮೊದಲು ಹೇಳಬೇಕು. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಲವತ್ತು ದಾಟಿದ ಮೇಲೆ ರಕ್ತದಲ್ಲಿ ಸಕ್ಕರೆ ಏರಿತು. ದಿನಾ ನಡೆಯಿರಿ ಅಂದರು ಡಾಕ್ಟರು. ಮನೆಯ ಬಾಜೂಕಿನ ಉದ್ಯಾನದಲ್ಲಿ ಬೆಳಿಗ್ಗೆ ಹತ್ತು ಸುತ್ತು ಹಾಕಲು ಶುರು ಮಾಡಿದೆ. ಒಂದು ದಿನ ನನ್ನ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಜೊತೆಗೆ ಬಂದಳು. ಮೂರನೇ ಸುತ್ತಿಗೆ ನಿಂತುಬಿಟ್ಟಳು.

"ಇದೇನ್ ನಡಿಗಿ ಬೇ? ಗಾಣದ ಎತ್ತು ತಿರಗಿಧಂಗ ತಿರಗೂದು. ನಡಿಯೂದು ಅಂದ್ರ ಒಂದ್ ಊರಾಗ ಹೊಂಟು ಇನ್ನೊಂದ್ ಊರ್ ಮುಟ್ಟಬೇಕು."

ಚಿಗವ್ವನಿಗೆ ಹಾಗೆ ಹೇಳುವ ಹಕ್ಕಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಕುಂದಗೋಳ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು ಅವಳು. ಮೊದಲ ಊರುಗಳಿಗೆ ಬಸ್ಸಿರಲಿಲ್ಲ. ರೈಲು ಇಳಿದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಎರೆ ಹೊಲ ದಾಟಿ ಶಾಲೆ ಸೇರಿದವಳು. ಶಲವಡಿಯಲ್ಲಿದ್ದಾಗ ಬಸ್ ತಪ್ಪಿದ ಒಂದು ಸಂಜೆ ಅಣ್ಣಿಗೇರಿ ಸ್ಟೇಷನ್ನಿನವರೆಗೆ ನಡೆದೇ ಬಂದಿದ್ದಳಂತೆ. ನಿವೃತ್ತಿಯಾದ ಮೇಲೆ ಅವಳ ಕಾಲಿಗೆ ಕೆಲಸವಿರಲಿಲ್ಲ, ನನ್ನ ಕಾಲಿಗೆ ಕೆಲಸ ಬೇಕಾಗಿತ್ತು.

ಹೀಗೆ ನಮ್ಮ ಪದ್ಧತಿ ಹುಟ್ಟಿತು. ತಿಂಗಳಿಗೊಂದು ಭಾನುವಾರ ಪ್ಯಾಸೆಂಜರ್ ಗಾಡಿ ಹತ್ತಿ ಒಂದು ಸ್ಟೇಷನ್ನಿನಲ್ಲಿ ಇಳಿಯುವುದು, ಹೊಲಗಳ ನಡುವೆ ಮುಂದಿನ ಸ್ಟೇಷನ್ನಿಗೆ ನಡೆಯುವುದು, ಸಂಜೆಯ ಗಾಡಿಗೆ ಮರಳುವುದು. ಒಂದು ಸಲ ದುಮ್ಮವಾಡ, ತಂಬೂರ ಕಡೆ ಹೋಗೋಣ, ಅಲ್ಲಿ ಗುಡ್ಡವಿದೆ, ಗಿಡಮರವಿದೆ, ಚೆಂದ ಇರುತ್ತದೆ ಅಂದೆ. "ಚೆಂದ ಇರ್ಲಿ, ಅಲ್ಲಿ ರೈಲ್ ಎಲ್ಲೈತಿ? ದಣದ ಮ್ಯಾಲ ನಿಮ್ಮಪ್ಪ ಬಂದ್ ಹೊತಗೊಂಡ್ ಹೋಗ್ತಾನೇನು?" ಅಂದಳು. ನಮ್ಮಪ್ಪನಿಗೆ ಆಗ ಎಂಬತ್ತು.

ಎರಡು ವರ್ಷದಲ್ಲಿ ಹುಬ್ಬಳ್ಳಿಯಿಂದ ಅಣ್ಣಿಗೇರಿವರೆಗಿನ ಎಲ್ಲ ಸ್ಟೇಷನ್ನುಗಳ ನಡುವೆ ನಡೆದು ಮುಗಿಸಿದೆವು. ನನಗೆ ಇದರ ಜಂಬ ಇದೆ, ಮುಚ್ಚಿಡುವುದಿಲ್ಲ. ನಮ್ಮ ಸೀಮೆಯನ್ನು ಬೋಳು ಬಯಲು ಅನ್ನುವವರಿದ್ದಾರೆ. ಅವರು ಅದನ್ನು ರೈಲಿನ ಕಿಟಕಿಯಿಂದ ನೋಡಿದವರು. ಮಾರ್ಗಶಿರದ ಬೆಳಿಗ್ಗೆ ಕಡಲೆ ಹೊಲದ ಬದುವಿನ ಮೇಲೆ ನಡೆದರೆ ಪಾದಕ್ಕೆ ಕಡಲೆ ಎಲೆಯ ಹುಳಿ ಇಬ್ಬನಿ ತಾಗುತ್ತದೆ, ಮುಂದೆ ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಅಂಚಿನಲ್ಲಿ ಮುಳ್ಳಿನ ಕುಸುಬಿ ಕಾವಲಿರುತ್ತದೆ. ಭೂಮಿ ಅಲ್ಲಲ್ಲಿ ಕೈ ಹಿಡಿಸುವಷ್ಟು ಬಿರಿದಿರುತ್ತದೆ. ಅದನ್ನು ದಾಟುವಾಗ ಚಿಗವ್ವ ಪ್ರತಿ ಸಲ, ಯಾರದೋ ಮನೆಯ ಹೊಸ್ತಿಲು ದಾಟಿದ ಹಾಗೆ, ಬಲಗಾಲೇ ಮುಂದಿಡುತ್ತಿದ್ದಳು.

ಅವಳು ಹಾಕಿದ ನೇಮ ಒಂದೇ. ರೈಲು ಹಳಿಯ ಮೇಲೆ ಕಾಲಿಡುವಂತಿಲ್ಲ. ಹಳಿಗುಂಟ ನಿಂತ ಕರೆಂಟಿನ ಕಂಬದ ಸಾಲು ಕಣ್ಣಿಗೆ ಕಾಣುತ್ತಿರಬೇಕು, ದಾರಿ ತಪ್ಪದಿರಲು ಅಷ್ಟು ಸಾಕು; ನಡಿಗೆ ಮಾತ್ರ ಹೊಲದ ಚಕ್ಕಡಿ ದಾರಿಯಲ್ಲಿ. ನನಗೆ ಇದು ಅತಿಯೆನಿಸುತ್ತಿತ್ತು. ಊರ ಮಂದಿ ಹಳಿಯ ಮೇಲೆಯೇ ಓಡಾಡುತ್ತಾರೆ. ಏರಿಯ ಮೇಲೆ ಒಣ ಕಲ್ಲು, ನೇರ ದಾರಿ. ಎರೆ ಮಣ್ಣಿನವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಮೊದಲು ಒಂದೇ ಲೈನ್ ಇದ್ದಾಗ ಹೆದರಿಕೆ ಇತ್ತು. ಜೋಡಿ ಲೈನ್ ಆದ ಮೇಲೆ ಜನ ತಮ್ಮದೇ ಲೆಕ್ಕ ಕಂಡುಕೊಂಡಿದ್ದರು. ಒಂದು ಲೈನಿನ ಮೇಲೆ ಹೋಗುವ ಗಾಡಿ, ಇನ್ನೊಂದರ ಮೇಲೆ ಬರುವ ಗಾಡಿ. ಎದುರಿಗೆ ಬರುವ ಗಾಡಿಯ ಲೈನ್ ಹಿಡಿದು ನಡೆದರೆ ಗಾಡಿ ಕಣ್ಣೆದುರೇ ಕಾಣುತ್ತದೆ, ಇಳಿದು ನಿಂತರಾಯಿತು. ಬೆನ್ನ ಹಿಂದೆ ಎಷ್ಟೇ ಹಾರ್ನ್ ಆದರೂ ತಿರುಗಬೇಕಿಲ್ಲ, ಅದು ಆಚೆ ಲೈನಿನದು. ಈ ಲೆಕ್ಕ ನನಗೂ ಸರಿ ಕಂಡಿತ್ತು.

ಆ ತಿಂಗಳ ನಮ್ಮ ಭಾನುವಾರವೇ ಎಳ್ಳ ಅಮಾವಾಸ್ಯೆ ಬಂತು. ಕುಂದಗೋಳದಲ್ಲಿ ಇಳಿದು ಸಂಶಿಗೆ ನಡೆಯುವುದೆಂದು ಮೊದಲೇ ಗೊತ್ತುಮಾಡಿದ್ದೆವು. ಎಂಟೊಂಬತ್ತು ಕಿಲೋಮೀಟರ್, ನಮಗೆ ದೊಡ್ಡದಲ್ಲ. ಚಿಗವ್ವ ವಾಡಿಕೆಯಂತೆ ಸ್ಟೇಷನ್ನಿನಲ್ಲಿ ಮರಳುವ ಗಾಡಿಯ ಹೊತ್ತು ವಿಚಾರಿಸಿದಳು.

"ಸಂಶಿಗೆ ಐದೂವರಿಗೆ ಬರತೈತ್ರಿ. ತಡ ಆದ್ರೂ ಆತು," ಅಂದರು ಅಲ್ಲಿಯ ಸಿಬ್ಬಂದಿ. "ಬೆಂಗಳೂರ ಕಡೆ ಹೋಗೂ ಲೈನ್ ಇವತ್ತ ಬಂದ್ ಐತಿ, ಮುಂದ ಕೆಲಸ ನಡದೈತಿ. ಎಲ್ಲಾ ಗಾಡಿ ಒಂದ ಲೈನ್ ಮ್ಯಾಲ."

"ಅಂದ್ರ ಎಷ್ಟ್ ತಡ ಆಗಬಹುದ್ರಿ?" ಅಂತ ನಾನು ಕೇಳಿದೆ. ಕೇಳಿದ್ದು ಅಷ್ಟೇ. ಎರಡೂ ಕಡೆಯ ಗಾಡಿ ಒಂದೇ ಲೈನಿನ ಮೇಲೆ ಅನ್ನುವ ಮಾತು ಕಿವಿಯೊಳಗೆ ಹೋಗಿ ತಡ, ಬೇಗ ಎಂಬ ಗೂಟಕ್ಕೆ ಸಿಕ್ಕಿ ಅಲ್ಲೇ ನಿಂತಿತು.

ಎಳ್ಳ ಅಮಾವಾಸ್ಯೆ ನಮ್ಮ ಕಡೆ ಹೊಲಕ್ಕೆ ಉಣಿಸುವ ದಿನ. ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ, ದನಿಯೆತ್ತಿ ಕೂಗುತ್ತ ಹೊಲದ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಅನ್ನುತ್ತಾರೆ. ಆಮೇಲೆ ಕೂತು ಉಣ್ಣುತ್ತಾರೆ. ಆ ದಿನ ಹೊಲದ ಬದಿಯಲ್ಲಿ ಹಾಯ್ದು ಹೋಗುವವರು ಪರಿಚಯದವರೇ ಆಗಬೇಕಿಲ್ಲ, ಕಂಡರೆ ಸಾಕು, ಎದ್ದು ನಿಂತು ಕೂಗಿ ಎರಡೂ ಕೈ ಬೀಸಿ ಕರೆಯುತ್ತಾರೆ. ಕರೆದರೂ ಹೋಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಒಲ್ಲೆ ಅನ್ನಬೇಕಾದರೆ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿ, ನಕ್ಕು, ಮರಳಿ ಕೈ ಬೀಸಬೇಕು. ಊಟ ಆತ್ರಿ ಅಂತ ಅದರ ಅರ್ಥ. ದೂರದಿಂದ ಮಾತು ಕೇಳಿಸುವುದಿಲ್ಲವಲ್ಲ.

ಮೊದಲ ಹೊಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ. ಎರಡನೆಯದರ ಯಜಮಾನ ಚಿಗವ್ವನ ಕೈಯಲ್ಲಿ ಮೂರನೇ ಇಯತ್ತೆ ಕಲಿತವನು. ಮೀಸೆ ಬೆಳ್ಳಗಾದವನು ಎದ್ದು ಓಡಿಬಂದು, "ಅಕ್ಕಾರ, ನೀವ್ ಹಂಗ ಹೋದ್ರ ನನ್ನ ಹೊಲ ಬೆಳಿಯೂದಿಲ್ಲ ನೋಡ್ರಿ," ಅಂದ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರ ಅನ್ನುವುದು ರೂಢಿ. "ಮಗ್ಗಿ ಹೇಳ್ತಿ ಏನು?" ಅಂದಳು ಚಿಗವ್ವ. ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಲ್ಲಿ ಕಡುಬು, ಶೇಂಗಾ ಹೋಳಿಗೆ. ನನ್ನ ಸಕ್ಕರೆಯ ಮಾತು ಯಾರೂ ಕೇಳಲಿಲ್ಲ. ಮೂರನೆಯ ಹೊಲದಲ್ಲಿ ಮಜ್ಜಿಗೆ ಕುಡಿದು ಏಳುವಾಗ ನಾಲ್ಕೂವರೆ, ಸಂಶಿ ಇನ್ನೂ ಮೂರು ಕಿಲೋಮೀಟರಿನ ಮೇಲಿತ್ತು.

"ಚಿಗವ್ವಾ, ಹಳಿ ಹತ್ತೂಣು. ಹೊಲ ಸುತ್ತಿ ಹ್ವಾದ್ರ ಗಾಡಿ ಸಿಗೂದಿಲ್ಲ. ಎದುರ ಲೈನ್ ಮ್ಯಾಲ ನಡದ್ರ ಏನೂ ಆಗೂದಿಲ್ಲ."

"ನೀ ಹತ್ತು. ನಾ ಹಿಂಗ ಬರ್ತೀನಿ."

"ಗಾಡಿ ತಪ್ಪಿದ್ರ?"

"ತಪ್ಪಿದ್ರ ಮತ್ತೊಂದ್ ಬರತೈತಿ. ಅವರೇನು ನಿನ್ನೊಬ್ಬಾಕಿ ಸಲುವಾಗಿ ರೈಲ್ ಹಾಕ್ಯಾರ?"

ನಾನು ಸಿಟ್ಟಿನಿಂದ ಮುಂದೆ ಮುಂದೆ ನಡೆದೆ. ಹಳಿ ನಮ್ಮ ಎಡಕ್ಕೆ, ಒಂದು ಹೊಲದಷ್ಟು ದೂರ. ನಡುವೆ ಮೊಳಕಾಲೆತ್ತರದ ಕಡಲೆ. ಆಗ ನಮಗಿಂತ ಸ್ವಲ್ಪವೇ ಮುಂದೆ ಇಬ್ಬರು ಹೆಂಗಸರು ಏರಿ ಹತ್ತಿ ಹಳಿಯ ಮೇಲೆ ನಮ್ಮ ದಿಕ್ಕಿಗೇ ನಡೆಯತೊಡಗಿದರು. ವಯಸ್ಸಾದವಳ ತಲೆಯ ಮೇಲೆ ಬುಟ್ಟಿ, ಹರೆಯದವಳ ಬಗಲಲ್ಲಿ ಅಡುಗೆ ಒಯ್ದಿದ್ದ ಸ್ಟೀಲಿನ ಪಾತ್ರೆ, ಡಬರಿ. ಚರಗ ಮುಗಿಸಿ ಊರಿಗೆ ಹೊರಟಿದ್ದ ಅತ್ತೆ-ಸೊಸೆ. ನಮ್ಮ ಕಡೆಯ ಲೈನ್, ಎದುರಿನಿಂದ ಗಾಡಿ ಬರುವ ಲೈನ್, ಅದನ್ನೇ ಹಿಡಿದಿದ್ದರು. ನಾನು ಚಿಗವ್ವನಿಗೆ ತೋರಿಸಿದೆ. "ನೋಡು, ಅವರು ಹೊಂಟಿಲ್ಲೇನು?"

ಹಾರ್ನ್ ಕೇಳಿದ್ದು ಆಗ. ಹಿಂದಿನಿಂದ, ಕುಂದಗೋಳದ ಕಡೆಯಿಂದ.

ನಾನು ತಿರುಗಿ ನೋಡಿದೆ. ಜಾಲಿ ಗಿಡಗಳ ಮರೆಯ ತಿರುವಿನಿಂದ ಗೂಡ್ಸ್ ಗಾಡಿಯ ಮೋರೆ ಹೊರಬಂತು. ಕರೆಂಟಿನ ಇಂಜಿನ್ನಿಗೆ ಹಳೆಯ ಡೀಸೆಲ್ಲಿನ ಗುಡುಗು ಇಲ್ಲ, ಮೂಡಗಾಳಿ ಇದ್ದಬದ್ದ ಸದ್ದನ್ನೂ ಹೊತ್ತೊಯ್ಯುತ್ತಿತ್ತು. ಗಾಡಿ ಈಚೆ ಲೈನಿನ ಮೇಲಿತ್ತು. ಎಲ್ಲಾ ಗಾಡಿ ಒಂದ ಲೈನ್ ಮ್ಯಾಲ. ಬೆಳಿಗ್ಗೆಯ ಮಾತು ಆಗ ಗೂಟ ಕಿತ್ತುಕೊಂಡು ಬಂತು.

ಮತ್ತೆ ಹಾರ್ನ್. ಅತ್ತೆ ತಿರುಗಲಿಲ್ಲ. ಆಚೆ ಲೈನಿನ ಗಾಡಿ ಹಾಯುವಾಗ ಧೂಳು ಏಳುತ್ತದೆ ಅಂತ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಸೊಸೆಯೂ ಹಾಗೆಯೇ ಮಾಡಿದಳು. ಇಬ್ಬರೂ ಎಚ್ಚರದಿಂದಲೇ ಇದ್ದರು. ಕಣ್ಣು ಮುಂದೆ, ಗಾಡಿ ಬರಬೇಕಾದ ಕಡೆ, ಇಟ್ಟಿದ್ದರು.

ನಾನು ಕೂಗಿದೆ. ಎರಡೂ ಕೈ ಎತ್ತಿ ಬೀಸಿದೆ. ಇಳೀರಿ, ಇಳೀರಿ ಅಂದೆ. ಅತ್ತೆ ಬಲಕ್ಕೆ ಹೊರಳಿ ಹೊಲದಲ್ಲಿದ್ದ ನನ್ನನ್ನು ನೋಡಿದಳು. ನಕ್ಕಳು. ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿ ಮರಳಿ ಕೈ ಬೀಸಿದಳು.

ನಾನು ಜಿಗಿದೆ, ಇನ್ನೂ ಜೋರಾಗಿ ಬೀಸಿದೆ. ಸೊಸೆ ಡಬರಿಯನ್ನು ಬೋರಲು ಹಿಡಿದು ತೋರಿಸಿ ನಕ್ಕಳು. ನಾವೂ ಉಂಡು ಖಾಲಿ ಮಾಡಿ ಬಂದೇವಿ ಅಂತ.

ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಾಠ ಮಾಡುವಾಗ ಕಪ್ಪು ಹಲಗೆಯ ಮೇಲೆ ವೇಗ, ದೂರ, ಕಾಲ ಅಂತ ಬರೆಯುತ್ತಿದ್ದಂತೆ ಆ ಬೋರಲು ಡಬರಿ ಬರುತ್ತದೆ. ಬಿಸಿಲು ಅದರ ತಳಕ್ಕೆ ಬಡಿದು ಹೊಳೆಯುತ್ತದೆ. ಆ ಸ್ಟೇಷನ್ನಿನ ಮಾತು ಒಂದು ನಿಮಿಷ ಮೊದಲು ನೆನಪಾಗಿದ್ದರೆ? ಚಿಗವ್ವ ನನ್ನ ಮಾತು ಕೇಳಿ ಹಳಿ ಹತ್ತಿದ್ದರೆ? ಲೆಕ್ಕ ಮಾಡುವವಳು ನಾನು, ಉತ್ತರ ಪ್ರತಿ ಸಲ ಒಂದೇ ಬರುತ್ತದೆ, ಆದರೂ ಮತ್ತೆ ಮಾಡುತ್ತೇನೆ.

ನನ್ನ ಬದಿಗೆ ಏನೋ ದೊಪ್ಪನೆ ಬಿತ್ತು. ಚಿಗವ್ವ. ಕಡಲೆ ಗಿಡಗಳ ಮೇಲೆ ಕೈ ಚಾಚಿ, ಮಕಾಡೆಯಾಗಿ, ಬುಡ ಕೊಯ್ದ ದಂಟಿನ ಹಾಗೆ ಬಿದ್ದಿದ್ದಳು. ಅರವತ್ತೆಂಟು ವರ್ಷದ ಜೀವ, ಮೂರು ಹೊಲದ ಊಟ, ಬಿಸಿಲು. ಎದೆ ನಿಂತಿತು ಅಂದುಕೊಂಡೆ. ಆಗ ನನ್ನ ಬಾಯಿಂದ ಬಂದ ಕೂಗು ಬೇರೆಯೇ ಇತ್ತು. ಮೊದಲಿನದು ಎಚ್ಚರಿಕೆ, ಇದು ಅಳು. ಹಳಿಯನ್ನು ಮರೆತು, ಅದಕ್ಕೆ ಬೆನ್ನು ಮಾಡಿ ಮಣ್ಣಿಗೆ ಕುಕ್ಕರಿಸಿ ಅವಳನ್ನು ಹೊರಳಿಸಲು ಎಳೆದೆ.

ಆದ್ದರಿಂದ ಮುಂದಿನದನ್ನು ನಾನು ನೋಡಲಿಲ್ಲ. ಕೇಳಿದೆ. ಪಾತ್ರೆಯೊಂದು ಕಲ್ಲಿನ ಮೇಲೆ ಬಿದ್ದ ಸದ್ದು. ಜಲ್ಲಿ ಜಾರಿದ ಸದ್ದು. ಆಮೇಲೆ ಉದ್ದವಾದ, ಮುಗಿಯದ ಹಾರ್ನ್, ಬೆನ್ನಿಗೆ ಬಡಿದ ಗಾಳಿ, ಒಂದಾದ ಮೇಲೊಂದು ಗಾಲಿ. ಭೂಮಿಯ ನಡುಕ ಮೊಳಕಾಲಿನಿಂದ ಹಲ್ಲಿನವರೆಗೆ ಏರಿತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕಣ್ಣು ನೆಲಕ್ಕೆ ನೆಟ್ಟು ಕೂತಿದ್ದೆ.

ಆ ನೆಲದ ಮೇಲೆ ಎರಡು ಪಾದ ಬಂದವು. ಕಾಲುಂಗುರ, ಅಂಚಿಗೆ ಅರಿಶಿನ. ಅವುಗಳ ಹಿಂದೆ ಇನ್ನೆರಡು ಬರಬೇಕಿತ್ತು. ನಾನು ಕಾದೆ. ಹಿಮ್ಮಡಿ ಒಡೆದ, ಎರೆ ಮಣ್ಣು ಮೆತ್ತಿದ ಎರಡು ಪಾದ ಏದುಸಿರಿನೊಂದಿಗೆ ಬಂದು ನಿಂತವು. ನಾಲ್ಕು. ಜೀವನದಲ್ಲಿ ನಾನು ಮಾಡಿದ ಅತ್ಯಂತ ಮುಖ್ಯ ಎಣಿಕೆ ಅದು.

"ನೀರ್ ಹಾಕ್ರಿ ಮಾರಿಗೆ. ಯಾಕ್ರಿ ಇವ್ರನ್ನ ಇಂಥಾ ಬಿಸಲಾಗ ಅಡ್ಡಾಡಸ್ತೀರಿ, ನಿಮಗ ಬುದ್ಧಿ ಬ್ಯಾಡೇನು?" ಅತ್ತೆ ನನ್ನನ್ನು ಬೈಯುತ್ತಲೇ ಕೂತು ಚಿಗವ್ವನ ತಲೆಯನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು. ಸೊಸೆ ಸೆರಗಿನಿಂದ ಗಾಳಿ ಹಾಕಿದಳು.

ಚಿಗವ್ವ ಕಣ್ಣು ತೆರೆದಳು. ಬಾಯಿಯೊಳಗಿನ ಮಣ್ಣು ಉಗುಳಿದಳು. "ನನಗೇನೂ ಆಗಿಲ್ಲ ಬೇ. ನಿಮ್ಮ ಹಿಂದ ನೋಡ್ರಿ."

ಇಬ್ಬರೂ ತಿರುಗಿದರು. ಗಾಡಿಯ ಡಬ್ಬಿಗಳು ಇನ್ನೂ ಹಾಯುತ್ತಿದ್ದವು, ಅವರು ನಡೆಯುತ್ತಿದ್ದ ಲೈನಿನ ಮೇಲೆ. ಬರಬರುತ್ತ ನಿಧಾನವಾಗಿ ಇಡೀ ಗಾಡಿ ನಿಂತಿತು. ಸೊಸೆ ಮೆಲ್ಲಗೆ ನೆಲಕ್ಕೆ ಕೂತು ಅತ್ತೆಯ ಭುಜ ಹಿಡಿದಳು. ಆಮೇಲೆ ಅತ್ತೆ ಎದ್ದು ಗಾಡಿಯ ಕಡೆ ಎರಡೂ ಕೈ ಎತ್ತಿ ಆಡಿಸಿದಳು, ಎಲ್ಲಾರೂ ಅದೇವಿ ಅಂತ. ಅದಕ್ಕೆ ಅರ್ಥವಾಯಿತೋ ಏನೋ, ಒಂದು ಸಲ ಸಣ್ಣಗೆ ಕೂಗಿ ಹೊರಟುಹೋಯಿತು.

ಡಬರಿ ಸಿಕ್ಕಿತು, ಹಪ್ಪಳದಂತೆ ಚಪ್ಪಟೆಯಾಗಿ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು. "ನನ್ನ ತವರ್ಮನಿದು," ಅಂದಳು. ಆಗ ಅವಳಿಗೆ ಅಳು ಬಂತು.

ನಮ್ಮ ಗಾಡಿ ತಪ್ಪಿತು. ಅವರು ಮನೆಗೆ ಬಂದು ಉಂಡು ಹೋಗಿರೆಂದು ಹಟ ಹಿಡಿದರು. ಚಿಗವ್ವ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದಳು. ನಾಲ್ವರೂ ಚಕ್ಕಡಿ ದಾರಿಯಲ್ಲೇ ಸಂಶಿಯವರೆಗೆ ನಡೆದೆವು. ಚಿಗವ್ವ ಕುಂಟುತ್ತಿದ್ದಳು, ಬೀಳುವಾಗ ಮೊಳಕಾಲು ಗಟ್ಟಿ ಮಣ್ಣಿನ ಹೆಂಟೆಗೆ ಬಡಿದಿತ್ತು.

ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತಾಗ ಕೇಳಿದೆ. "ನಾ ಏನ್ ತಿಳಕೊಂಡೆ ಗೊತ್ತೈತಿ ಏನು ನಿನಗ?"

"ನೀ ಹಂಗ ತಿಳಕೋಬೇಕಾಗಿತ್ತು. ನಿನಗ ಹೇಳಿ ಬಿದ್ದಿದ್ರ ನೀ ಹಂಗ ಅಳ್ತಿದ್ದಿಲ್ಲ." ಮೊಳಕಾಲು ತಿಕ್ಕಿಕೊಂಡಳು. "ಎಳ್ಳ ಅಮಾಸಿ ದಿವಸ ಹೊಲದಾಗ ನಿಂತು ಕೈ ಬೀಸಿದ್ರ ಯಾರ್ ಹೆದರ್ತಾರ ಬೇ? ಉಣ್ಣಾಕ ಕರದ್ರು ಅಂತಾರ. ಸಾಲಿ ಕಲತಾಕಿ, ಅಷ್ಟೂ ತಿಳೀಲಿಲ್ಲ?"

"ಅವರು ಓಡಿ ಬರದಿದ್ರ?"

ಚಿಗವ್ವ ನನ್ನ ಮುಖ ನೋಡಿದಳು, ಮಗ್ಗಿ ತಪ್ಪಿ ಹೇಳಿದವರನ್ನು ನೋಡುವ ಹಾಗೆ. "ಯಾಕ ಬರೂದಿಲ್ಲ? ವಯಸ್ಸಾದಾಕಿ ಬಿದ್ದದ್ದ ಕಂಡ ಮ್ಯಾಲ?"

ಅವಳಿಗೆ ಆ ವಿಷಯದಲ್ಲಿ ಒಂದು ಎಳೆಯಷ್ಟೂ ಅನುಮಾನ ಇರಲಿಲ್ಲ. ತನ್ನ ಮೈಯನ್ನು ನೆಲಕ್ಕೆ ಎಸೆಯುವಾಗ ಅವಳು ನಂಬಿದ್ದು ಅಪರಿಚಿತರ ಕಾಲುಗಳನ್ನು. ಅವರೂ ಆ ನಂಬಿಕೆಗೆ ತಕ್ಕಂತೆಯೇ ಓಡಿದರು; ಸೊಸೆ ಅತ್ತೆಯ ತವರಿನ ಡಬರಿ ಬೀಸಾಡಿದಳು, ಅತ್ತೆ ಆ ವಯಸ್ಸಿನಲ್ಲಿ ಜಲ್ಲಿಯ ಮೇಲೆ ಜಾರಿದಳು. ನಾನು ಹೆದರಿಕೆಯನ್ನು ಇನ್ನೂ ಹೊತ್ತು ತಿರುಗುತ್ತಿದ್ದೇನೆ, ನಿಜ. ಆದರೆ ಅದರ ಕೆಳಗೆ ಗಟ್ಟಿಯಾದ ಹೆಮ್ಮೆಯೊಂದಿದೆ. ನಾನು ಈ ಹೆಂಗಸಿನ ಅಕ್ಕನ ಮಗಳು. ಬಿದ್ದವರನ್ನು ಕಂಡರೆ ಹಿಂದೆ ಮುಂದೆ ನೋಡದೆ ಓಡಿಬರುವ ಮಂದಿಯ ಸೀಮೆಯವಳು.

ಎರಡು ತಿಂಗಳು ನಡಿಗೆ ನಿಂತಿತು. ಮೊಳಕಾಲಿನ ಬಾವು ಇಳಿದ ಮೇಲೆ ಒಂದು ಕೋಲಿನೊಂದಿಗೆ ಮತ್ತೆ ಶುರುವಾಯಿತು. ಸಂಶಿಯಿಂದ ಗುಡಗೇರಿಯವರೆಗೂ ಹೋಗಿಬಂದೆವು.

ಈ ಸಲದ ಎಳ್ಳ ಅಮಾವಾಸ್ಯೆಗೆ ಅವರ ಹೊಲಕ್ಕೇ ಹೋದೆವು. ಎರಡೂ ಲೈನ್ ಎಂದಿನಂತೆ ನಡೆಯುತ್ತಿದ್ದವು. ಆದರೂ ಅತ್ತೆ-ಸೊಸೆ ಈಗ ಹಳಿಯ ಮೇಲೆ ನಡೆಯುವುದಿಲ್ಲವಂತೆ. ಅರ್ಧ ತಾಸು ಸುತ್ತಾಗುತ್ತದೆ ಎಂದು ಸೊಸೆ ಗೊಣಗುತ್ತಾಳಂತೆ, ಗೊಣಗುತ್ತಲೇ ಸುತ್ತಿ ಬರುತ್ತಾಳಂತೆ. ನಾವು ಚಕ್ಕಡಿ ದಾರಿಯ ತಿರುವಿನಲ್ಲಿ ಕಾಣುತ್ತಲೇ ಅತ್ತೆ ಎದ್ದು ನಿಂತು ಎರಡೂ ಕೈ ಬೀಸಿದಳು. ನಾನು ಹಿಂದೆ ತಿರುಗಿ ನೋಡಿದೆ. ಬಿಳಿಜೋಳ, ಗಾಳಿ, ಅಷ್ಟೇ. ಚಿಗವ್ವ ಕೋಲೂರುತ್ತ ಕಡಲೆ ಸಾಲು ತುಳಿಯದಂತೆ ನಿಧಾನವಾಗಿ ಬರುತ್ತಿದ್ದಳು. ಅತ್ತೆಗೆ ತಾಳ್ಮೆ ಸಾಲಲಿಲ್ಲ. ಬದುವಿನ ಮೇಲೆ ಹತ್ತಿ ನಿಂತು ಕೂಗಿದಳು.

"ಈ ಸಲ ಬೀಳಬ್ಯಾಡ್ರಿ ಅಕ್ಕಾರ, ನಾವ ಬರ್ತೀವಿ."

ಹೇಳಿದವಳು ಆಗಲೇ ಬದು ಇಳಿದು ನಮ್ಮ ಕಡೆ ಓಡುತ್ತಿದ್ದಳು.